ರೋಗಿಗಳಿಗೆ ಸಂಘ ಇಲ್ಲ

ಎಲ್ಲರಿಗೂ ನಮಸ್ಕಾರ. ಸಭೆಯಲ್ಲಿ ಡಾಕ್ಟರುಗಳಿದ್ದಾರೆ. ನನ್ನ ಹಾಗೆ ವಿಮಾ ಕಚೇರಿಯಲ್ಲಿ ಕ್ಲೇಮ್ ಫೈಲು ನೋಡಿ ನೋಡಿ ರಿಟೈರ್ ಆದವರೂ ಇದ್ದಾರೆ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರ ಇಲ್ಲ, ಕಾಸರಗೋಡಿನವರೂ ಇಲ್ಲಿಗೇ ಬರುತ್ತಾರೆ. ಹಾಗಾಗಿ ಆರೋಗ್ಯಕ್ಕೆ ಕಾನೂನು ಯಾಕೆ ಬೇಕು ಅಂತ ನಾನು ಕೊರೆಯುವುದಿಲ್ಲ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನಲ್ಲಿ ನಿಂತವರಿಗೆ ಅದು ಗೊತ್ತು. ನನ್ನ ಪ್ರಶ್ನೆ ಬೇರೆ. ಎಲ್ಲರೂ ಬೇಕು ಅನ್ನುವ ಕಾನೂನು ಸದನಕ್ಕೆ ಹೋದ ಕೂಡಲೇ ಯಾಕೆ ಸೊರಗುತ್ತದೆ?

ಡಾಕ್ಟರುಗಳಿಗೆ ಸಂಘ ಇದೆ. ಆಸ್ಪತ್ರೆ ನಡೆಸುವವರಿಗೆ ಇದೆ. ಔಷಧ ಕಂಪನಿಗಳಿಗೆ, ವಿಮಾ ಕಂಪನಿಗಳಿಗೆ ಇದೆ. ನಮ್ಮೂರಲ್ಲಿ ರಿಕ್ಷಾದವರಿಗೂ ಬಸ್ಸಿನವರಿಗೂ ಇದೆ. ರೋಗಿಗಳಿಗೆ ಇಲ್ಲ. ಹುಷಾರಾಗಿ ಮನೆಗೆ ಬಂದ ಮೇಲೆ ಯಾರು ತನ್ನನ್ನು ರೋಗಿ ಅಂತ ಕರೆದುಕೊಳ್ಳುತ್ತಾರೆ? ಫೈಲು ಕಪಾಟಿಗೆ, ಮನುಷ್ಯ ಅಂಗಡಿಗೆ. ಮುಷ್ಕರ ಮಾಡೋಣ ಅಂದರೂ ಏನು ಬಂದ್ ಮಾಡುವುದು? ಕೆಮ್ಮನ್ನಾ?

ಅಮೆರಿಕದ ಕಥೆ ಹೇಳುತ್ತೇನೆ. ನನಗೆ ಬಹಳ ಇಷ್ಟದ್ದು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಎಲ್ಲರಿಗೂ ವಿಮೆ ಬೇಕು ಅಂತ ಅಧ್ಯಕ್ಷ ಟ್ರೂಮನ್ 1945ರಲ್ಲೇ ಕೇಳಿದ್ದರು. ಡಾಕ್ಟರುಗಳ ಸಂಘ 'ಇದು ಸಮಾಜವಾದ' ಅಂತ ಬೊಬ್ಬೆ ಹಾಕಿತು, ಬಿದ್ದುಹೋಯಿತು. 1993ರಲ್ಲಿ ಕ್ಲಿಂಟನ್ ಹೊರಟರು, ಮರುವರ್ಷ ಅದೂ ಬಿತ್ತು. ಒಬಾಮಾ ಬಂದಾಗ ಲೆಕ್ಕ ಹೀಗಿತ್ತು: ಅಲ್ಲಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಇರುವುದು 100 ಜನ. ಎದುರು ಪಕ್ಷದವರು ಚರ್ಚೆ ಎಳೆಯುವುದನ್ನು ನಿಲ್ಲಿಸಲು 60 ವೋಟು ಬೇಕು. ಇವರ ಕಡೆ ಇದ್ದದ್ದು ಸರಿಯಾಗಿ 60. ಒಬ್ಬರಿಗೆ ಜ್ವರ ಬಂದರೂ ಮಸೂದೆಗೆ ಕುತ್ತು!

ಜ್ವರ ಅಲ್ಲ, ಸಾವೇ ಬಂತು. ಜೀವನವಿಡೀ ಇದಕ್ಕಾಗಿ ಓಡಾಡಿದ ಟೆಡ್ ಕೆನಡಿ 2009ರ ಆಗಸ್ಟ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ರಾಜ್ಯ ಮ್ಯಾಸಚೂಸೆಟ್ಸ್ ಗಡಿಬಿಡಿಯಲ್ಲಿ ಕಾನೂನು ಬದಲಿಸಿ, ಆ ಕುರ್ಚಿಗೆ ತಾತ್ಕಾಲಿಕವಾಗಿ ಒಬ್ಬರನ್ನು ಕೂರಿಸಿತು. ಅದೇ ರಾಜ್ಯ 2004ರಲ್ಲಿ, ಗವರ್ನರ್ ಬೇರೆ ಪಕ್ಷದವರು ಅಂತ, ಹಾಗೆ ನೇಮಿಸುವ ಅಧಿಕಾರವನ್ನೇ ಕಿತ್ತುಹಾಕಿತ್ತು. ನಗಬೇಡಿ, ನಮ್ಮವರು ಇದಕ್ಕಿಂತ ಜಾಸ್ತಿ ಮಾಡಿದ್ದಾರೆ.

ಈಗ ಪ್ರತಿಯೊಬ್ಬ ಸದಸ್ಯನೂ ರಾಜ. ಕನೆಕ್ಟಿಕಟ್‌ನ ಲೀಬರ್ಮನ್ 'ಸರ್ಕಾರಿ ವಿಮೆ ಸೇರಿಸಿದರೆ ನನ್ನ ವೋಟಿಲ್ಲ' ಅಂದರು. ತೆಗೆದರು. ಅವರ ರಾಜ್ಯ ವಿಮಾ ಕಂಪನಿಗಳ ತವರು, ಅದನ್ನೂ ಹೇಳಿಬಿಡುತ್ತೇನೆ. ನೆಬ್ರಾಸ್ಕಾದ ನೆಲ್ಸನ್ ತಮ್ಮ ರಾಜ್ಯಕ್ಕೆ ಮಾತ್ರ ವಿಶೇಷ ಅನುದಾನ ಗಿಟ್ಟಿಸಿಕೊಂಡರು. ಊರೆಲ್ಲ ಛೀ ಥೂ ಅಂದ ಮೇಲೆ ಅದನ್ನೂ ಕಿತ್ತರು.

ಚರ್ಚೆ ನಿಲ್ಲಿಸುವ ವೋಟು ಡಿಸೆಂಬರ್ 21ರಂದು, ರಾತ್ರಿ 1 ಗಂಟೆಗೆ. ನಮ್ಮ ಕಡೆ ಆ ಹೊತ್ತಿಗೆ ಎಚ್ಚರ ಇರುವುದು ಯಕ್ಷಗಾನದ ಆಟ ನೋಡುವವರು ಮಾತ್ರ. ವಾಷಿಂಗ್ಟನ್‌ನಲ್ಲಿ ಮೊಣಕಾಲುದ್ದ ಹಿಮ. ಒಬಾಮಾ ಪಕ್ಷದ ಸೆನೆಟರ್ ರಾಬರ್ಟ್ ಬರ್ಡ್ ಅಂತ ಒಬ್ಬ ಅಜ್ಜ, ವಯಸ್ಸು 92, ಆರೋಗ್ಯ ಪೂರಾ ಕೆಟ್ಟಿತ್ತು. ಎದುರು ಪಕ್ಷದ ಕೋಬರ್ನ್ ಎದ್ದು, ಯಾರಾದರೊಬ್ಬರು ಈ ರಾತ್ರಿ ವೋಟಿಗೆ ಬಾರದ ಹಾಗಾಗಲಿ ಅಂತ ಜನ ಪ್ರಾರ್ಥಿಸಬೇಕು ಅಂದರು. ಹೆಸರು ಹೇಳಲಿಲ್ಲ. ಅಂದ ಹಾಗೆ ಕೋಬರ್ನ್ ವೃತ್ತಿಯಲ್ಲಿ ಡಾಕ್ಟರ್! ಅಜ್ಜನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. 60ಕ್ಕೆ 40.

ಕೊನೆಯ ವೋಟು 24ರ ಬೆಳಗ್ಗೆ. ನಮ್ಮಲ್ಲಿ ಮನೆಮನೆಗೆ ಕ್ರಿಸ್ಮಸ್ ತಿಂಡಿ ಕುಸ್ವಾರ್ ಹಂಚುವ ಹೊತ್ತು. ಬರ್ಡ್ 'ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ' ಅಂತ ಹೇಳಿ ಹೌದು ಅಂದರು. ಈ ಮಸೂದೆಗಾಗಿ ತಿಂಗಳುಗಟ್ಟಲೆ ನಿದ್ದೆಗೆಟ್ಟ ಪಕ್ಷದ ನಾಯಕ ಹ್ಯಾರಿ ರೀಡ್ ತಮ್ಮ ಸರದಿ ಬಂದಾಗ ಬಾಯ್ತಪ್ಪಿ 'ಇಲ್ಲ' ಅಂದುಬಿಟ್ಟರು! ಸದನವಿಡೀ ನಗು. ತಕ್ಷಣ ತಿದ್ದಿಕೊಂಡರು.

ಮುಂದಿನ ಜನವರಿಯಲ್ಲಿ ಕೆನಡಿಯವರ ಸೀಟೇ ಉಪಚುನಾವಣೆಯಲ್ಲಿ ಎದುರು ಪಕ್ಷಕ್ಕೆ ಹೋಯಿತು. 60 ಹೋಗಿ 59. ಮಸೂದೆಯನ್ನು ಮತ್ತೆ ಸೆನೆಟ್‌ಗೆ ಒಯ್ಯುವ ಹಾಗಿಲ್ಲ. ಹಾಗಾಗಿ ಸೆನೆಟ್ ಬರೆದದ್ದನ್ನೇ ಕೆಳಮನೆ 2010ರ ಮಾರ್ಚ್ 21ರಂದು 219-212ರಲ್ಲಿ ನುಂಗಿಕೊಂಡಿತು. ಬೇಕಾದ ತಿದ್ದುಪಡಿಗಳನ್ನು ಬರೀ ಬಹುಮತ ಸಾಕಾಗುವ ಬಜೆಟ್ ದಾರಿಯಲ್ಲಿ ತಂದರು. ನೋಡಿ, ಈ ಇಡೀ ಕಥೆಯಲ್ಲಿ ಕಂಪನಿಗಳಿವೆ, ಸೆನೆಟರುಗಳಿದ್ದಾರೆ. ರೋಗಿ ಎಲ್ಲಿದ್ದಾನೆ? ಸಂಘ ಇಲ್ಲದವನಿಗೆ ಕುರ್ಚಿ ಹಾಕುವವರಿಲ್ಲ.

ನಮ್ಮಲ್ಲಿಗೆ ಬರೋಣ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದ ತಿದ್ದುಪಡಿ ನೆನಪಿದೆಯಲ್ಲ? ದರ ನಿಗದಿ, ಜೈಲು ಶಿಕ್ಷೆ ಎಲ್ಲ ಅದರಲ್ಲಿತ್ತು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನ. ಡಾಕ್ಟರುಗಳ ಮುಷ್ಕರ, ಖಾಸಗಿ ಒಪಿಡಿಗಳಿಗೆ ಬೀಗ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗ ಇಲ್ಲ. ಜೈಲು ಶಿಕ್ಷೆಯ ಮಾತು ಬಿಟ್ಟರು, ದರ ನಿಗದಿಯನ್ನು ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಸೀಮಿತ ಮಾಡಿದರು, ಆಮೇಲೆ ಪಾಸಾಯಿತು. ಬಾಕಿ ಇದೆ ಅಂತ ಹೆಣ ತಡೆಯಬಾರದು ಅನ್ನುವ ನಿಯಮ ಉಳಿಯಿತು. ನನ್ನ ಪ್ರಕಾರ ಅದು ಸಣ್ಣದಲ್ಲ. ಆದರೆ ಒಂದು ವಾರ ಒಪಿಡಿ ಮುಚ್ಚಿದರೆ ಸರ್ಕಾರ ಬಗ್ಗುತ್ತದೆ ಅಂತ ಎಲ್ಲರೂ ಕಲಿತರು.

ರಾಜಸ್ಥಾನದಲ್ಲೂ ಅದೇ. 2023ರ ಮಾರ್ಚ್ 21, ಅಮೆರಿಕದ್ದೇ ತಾರೀಕು ನೋಡಿ, ಆರೋಗ್ಯದ ಹಕ್ಕಿನ ಮಸೂದೆ ಪಾಸಾಯಿತು. ಮುಷ್ಕರ ನಡೆಯಿತು. ಏಪ್ರಿಲ್ 4ಕ್ಕೆ ರಾಜಿ: 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಗಳಿಗೆ ವಿನಾಯಿತಿ. ಡಾಕ್ಟರುಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ತುರ್ತು ಚಿಕಿತ್ಸೆ ಮೊದಲು ಕೊಡಿ, ದುಡ್ಡು ಆಮೇಲೆ ಅಂದರೆ, ಆಮೇಲೆ ಅಂದರೆ ಯಾವಾಗ? ಸರ್ಕಾರದ ಬಾಕಿಗೆ ಕಾದು ಕೂತವರಿಗೆ ಆ ಭಯ ಸುಮ್ನೆ ಬಂದದ್ದಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಆಯಿತು, ಓಡಿಸುತ್ತೇನೆ.

ಇಡೀ ದೇಶಕ್ಕೆ ಒಂದೇ ಕಾನೂನು ತರೋಣ ಅಂದರೆ ನಮ್ಮಲ್ಲಿ ಆರೋಗ್ಯ ರಾಜ್ಯಪಟ್ಟಿಯ ವಿಷಯ. ಕೇಂದ್ರದ 2010ರ ಆಸ್ಪತ್ರೆ ನೋಂದಣಿ ಕಾಯ್ದೆಯೂ ರಾಜ್ಯಗಳು ಒಪ್ಪಿದಲ್ಲಿ ಮಾತ್ರ. 2020ರ ಮಾರ್ಚ್‌ನಲ್ಲಿ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿಗೆ ಬರಲಾಗದ ಕಾಸರಗೋಡಿನ ರೋಗಿಗಳ ಕಥೆ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾ? ಸುಪ್ರೀಂ ಕೋರ್ಟ್ ತನಕ ಹೋಯಿತು. 2017ರಲ್ಲಿ ಒಬಾಮಾ ಕಾಯ್ದೆಯನ್ನು ಕೆಡವಲು ಹೊರಟಾಗ ಕೆಡವಲು ಹೊರಟವರದೇ ಪಕ್ಷದ ಸೆನೆಟರ್ ಮೆಕೇನ್ ಹೆಬ್ಬೆರಳು ಕೆಳಗೆ ತೋರಿಸಿ 'ಇಲ್ಲ' ಅಂದದ್ದು, ಅದನ್ನು ಚಹಾದ ಹೊತ್ತಿಗೆ ಹೇಳುತ್ತೇನೆ.

ಎರಡನೇ ಸಾಲಿನ ಡಾಕ್ಟರ್ ಸಾಹೇಬರು ಆಗಿನಿಂದ ತಲೆ ಅಲ್ಲಾಡಿಸುತ್ತಿದ್ದಾರೆ. ಮೈಕ್ ಅವರಿಗೆ ಕೊಡಿ. ಬನ್ನಿ ಡಾಕ್ಟ್ರೇ, ನಿಮ್ಮ ಸಂಘದ ಪರವಾಗಿಯೇ ಶುರು ಮಾಡಿ.