ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಫೋಟೋಗ್ರಾಫರ್‌ಗೆ ಏನು ಕೆಲಸ?

ಈಗ ನೀವು ನೋಡುತ್ತಿರುವುದು ಕುಂಬಳೆ ಹತ್ತಿರದ ಒಂದು ಗದ್ದೆ. ರಾತ್ರಿ ಇಲ್ಲಿ ಯಕ್ಷಗಾನ ಆಟ ಇದೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳಲು ಕೂತಿದ್ದಾರೆ. ನಾನು ಮೊದಲು ನೋಡುವುದು ರಂಗಸ್ಥಳದ ಲೈಟುಗಳನ್ನು.

ಯಾಕೆ ಗೊತ್ತಾ? ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಪುಂಡುವೇಷ (ಹರೆಯದ ವೀರನ ಪಾತ್ರ) ದಿಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ ಗಾಳಿಯಲ್ಲೇ ಹಿಡಿಯಬೇಕಾದರೆ ಶಟರ್ ವೇಗ ಸೆಕೆಂಡಿನ 1/500 ಆದರೂ ಬೇಕು. ಆ ವೇಗದಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ಕೈಕಾಲು ಮಸುಕಾಗುತ್ತದೆ. ಈಗಿನ ಕೆಲವು ಕ್ಯಾಮೆರಾಗಳಲ್ಲಿ ಆಂಟಿ ಫ್ಲಿಕರ್ ಇದೆ. ಬೆಳಕು ಏರಿದ ಗಳಿಗೆ ನೋಡಿಯೇ ಅದು ಶಟರ್ ಬಿಡುತ್ತದೆ. ಅದಿಲ್ಲದಿದ್ದರೆ ಭಾಗವತರ ಪದಕ್ಕೆ, ಚೆಂಡೆಗೆ ಕಿವಿ ಕೊಡಬೇಕು. ಕುಣಿತ ಮುಗಿದು ವೇಷ ಒಂದು ಕ್ಷಣ ನಿಲ್ಲುವ ಜಾಗ ಚೆಂಡೆಯಲ್ಲಿ ಮೊದಲೇ ಗೊತ್ತಾಗುತ್ತದೆ. ಅಲ್ಲಿ 1/100 ಸಾಕು. ತಾಳ ತಿಳಿದವರಿಗೆ ಕಡಿಮೆ ಬೆಲೆಯ ಕ್ಯಾಮೆರಾದಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಇದು ನನ್ನ ಗಟ್ಟಿ ನಂಬಿಕೆ. ಕ್ಯಾಮೆರಾಕ್ಕೆ ಸಾಲ ಮಾಡುವ ಮೊದಲು ನಾಲ್ಕು ಆಟ ಪೂರ್ತಿ ಕೂತು ನೋಡಿ.

ಭೂತಕೋಲಕ್ಕೆ ಹೋದರೆ ಮೊದಲು ಅಲ್ಲಿನ ಹಿರಿಯರನ್ನು ಕೇಳಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ.

ಆಟದ ಚಿತ್ರಗಳಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ ಅಲ್ವಾ? ಹೊಟ್ಟೆಪಾಡು ಮದುವೆ, ಉಪನಯನ, ಗೃಹಪ್ರವೇಶ. ಕಾಸರಗೋಡಿನ ಗಡಿನಾಡಿನವರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ಬದಿಯಡ್ಕದ ಮನೆಯಲ್ಲಿ ಕನ್ನಡ, ಮಂಜೇಶ್ವರದಲ್ಲಿ ತುಳು, ಕಾಞಂಗಾಡಿನಲ್ಲಿ ಮಲಯಾಳ. "ಅಕ್ಕಾ, ಸ್ವಲ್ಪ ಈಚೆ ಬನ್ನಿ" ಅಂತ ಅವರ ಮಾತಿನಲ್ಲೇ ಹೇಳಿ ನೋಡಿ. ಮದುಮಗಳ ಅಮ್ಮನ ಬಿಗಿದ ಮುಖ ತಾನಾಗಿ ಸಡಿಲವಾಗುತ್ತದೆ. ಮಂಗಳೂರಿನ ಕೆಲಸವೂ ಬರುತ್ತದೆ, ಕಣ್ಣೂರಿನದ್ದೂ ಬರುತ್ತದೆ.

ಇನ್ನು ದುಡಿಮೆಯ ತಿಂಗಳುಗಳು. ದೀಪಾವಳಿ ಕಳೆದರೆ ಮೇಳಗಳ ತಿರುಗಾಟ, ಕೋಲಗಳು. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಜಾಸ್ತಿ. ಮೇ 24ರ ಹೊತ್ತಿಗೆ ಪತ್ತನಾಜೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ. ತುಳುವರ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಈ ಕೆಲಸ ಬಿಟ್ಟುಬಿಡೋಣ ಅನ್ನಿಸುವುದು ಇದೇ ತಿಂಗಳುಗಳಲ್ಲಿ. ಅದಕ್ಕೇ ಮದುವೆ ಸೀಸನ್ನಿನ ಹಣದಲ್ಲಿ ಮಳೆಗಾಲದ ಪಾಲು ಮೊದಲೇ ತೆಗೆದಿಡಬೇಕು.

ಮಳೆಗಾಲದಲ್ಲೂ ಕೆಲಸ ಹುಡುಕಬಹುದು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ನೋಡಿದ್ದೀರಲ್ಲ? ಅದರ ಮುರಕಲ್ಲು ಬೇಸಿಗೆಯಲ್ಲಿ ಮಂಕಾಗಿರುತ್ತದೆ, ನೆನೆದರೆ ಬಣ್ಣ ಗಾಢವಾಗುತ್ತದೆ, ಮೇಲೆ ಹಸಿರು ಹಬ್ಬುತ್ತದೆ. ಅಲ್ಲಿನ ಹೋಂಸ್ಟೇಗಳಿಗೆ ಮಳೆಯ ಚಿತ್ರ ಬೇಕೇ ಬೇಕು. ಕಾಸರಗೋಡು ಸೀರೆ ನೇಯುವವರಿಗೂ ಆನ್‌ಲೈನಿನಲ್ಲಿ ಮಾರಲು ಒಳ್ಳೆಯ ಫೋಟೋ ಬೇಕು. ಹೋಗಿ ಮಾತಾಡಿಸಿ.

ಈ ಮಳೆಗೆ ಲೆನ್ಸಿನೊಳಗೆ ಫಂಗಸ್ ಬರುತ್ತದೆ. ಬಟ್ಟೆಯ ಬ್ಯಾಗಿನಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಪುಟ್ಟ ಮೀಟರ್. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರಲಿ.

ಕೊನೆಗೆ ಕಾಗದದ ವಿಷಯ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಯಾರಾದರೂ ಹಣ ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರದ್ದೇ. ನಿಮ್ಮದಲ್ಲ. ನಿಮ್ಮ ಪೇಜಿನಲ್ಲಿ ಆ ಚಿತ್ರ ಹಾಕಬೇಕಾದರೆ ಒಪ್ಪಿಗೆ ಬರೆಸಿಕೊಳ್ಳಿ. ಎಷ್ಟು ಫೋಟೋ, ಆಲ್ಬಂ ಯಾವಾಗ, ಬಾಕಿ ಹಣ ಯಾವಾಗ, ಇವೂ ಅದರಲ್ಲಿ ಇರಲಿ. ಎಲ್ಲ ಸೇರಿ ಒಂದೇ ಪುಟ ಸಾಕು. ಮುಂಗಡ ತೆಗೆದುಕೊಳ್ಳುವ ದಿನವೇ ಸಹಿ ಆಗಲಿ. ಮದುವೆಯ ಗಡಿಬಿಡಿ ಶುರುವಾದ ಮೇಲೆ ಆ ಮಾತು ತೆಗೆಯುವುದು ಕಷ್ಟ.