ಬ್ರಿಡ್ಜ್ ಸಮ ಇದ್ದರೆ ಶ್ರುತಿ ನಿಲ್ಲುತ್ತದೆ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇರುವವರು ದಯವಿಟ್ಟು ಅದನ್ನು ಈಗಲೇ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಅದರಲ್ಲಿ ಲಾಕಿಂಗ್ ಟ್ರೆಮೊಲೊ, ಅಂದರೆ ಒಂದು ಸರಳು ಒತ್ತಿ ಸ್ವರ ಬಗ್ಗಿಸುವ, ತಂತಿಯನ್ನು ಬಿಗಿಯಾಗಿ ಹಿಡಿದಿಡುವ ಸಾಧನ, ಇದೆಯೇ? ನಾವೆಲ್ಲ ಸಾಮಾನ್ಯವಾಗಿ ಫ್ಲಾಯ್ಡ್ ರೋಸ್ ಅನ್ನುವುದು ಅದನ್ನೇ. ಇದ್ದರೆ ಬ್ರಿಡ್ಜನ್ನು, ಅಂದರೆ ಗಿಟಾರಿನ ಮೈಮೇಲೆ ತಂತಿಗಳು ಬಂದು ಕೂರುವ ಲೋಹದ ಭಾಗವನ್ನು, ಪಕ್ಕದಿಂದ ನೋಡಿ. ಅದರ ತಟ್ಟೆ ಗಿಟಾರಿನ ಮೈಗೆ ಸಮನಾಗಿ ನಿಂತಿದೆಯೇ, ಇಲ್ಲಾ ಹಿಂಭಾಗ ಮೇಲೆದ್ದಿದೆಯೇ? ಇವತ್ತು ನನ್ನ ಮಾತೆಲ್ಲ ಇದರ ಬಗ್ಗೆಯೇ. ಬ್ರಿಡ್ಜ್ ಸಮ ಇದ್ದರೆ ಶ್ರುತಿ ನಿಲ್ಲುತ್ತದೆ.

ಟ್ರೆಮೊಲೊದ ಕೈ, ಅಂದರೆ ಬ್ರಿಡ್ಜಿಗೆ ಸಿಕ್ಕಿಸಿದ ಆ ಸರಳು, ಒತ್ತಿದರೆ ತಂತಿಗಳು ಸಡಿಲವಾಗಿ ಸ್ವರ ಕೆಳಗಿಳಿಯುತ್ತದೆ. ಬಿಟ್ಟರೆ ಮೇಲೆ ಬರಬೇಕು. ಹಳೆಯ ಗಿಟಾರ್‌ಗಳಲ್ಲಿ ಸರಿಯಾಗಿ ಬರುತ್ತಿರಲಿಲ್ಲ. ತಂತಿ ನಟ್‌ನ ಗೀರಿನಲ್ಲಿ ಜಾರಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನಟ್ ಅಂದರೆ ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ. 1970ರ ದಶಕದಲ್ಲಿ ಅಮೆರಿಕದ ಫ್ಲಾಯ್ಡ್ ರೋಸ್ ಇದಕ್ಕೆ ದಾರಿ ಹುಡುಕಿದರು. ಅವರು ಗಿಟಾರ್ ನುಡಿಸುತ್ತಿದ್ದವರು, ಒಡವೆ ಮಾಡುವ ಕೆಲಸವೂ ಗೊತ್ತಿದ್ದವರು. ತಂತಿಯನ್ನು ನಟ್‌ನಲ್ಲೂ ಬ್ರಿಡ್ಜ್‌ನಲ್ಲೂ ಗಟ್ಟಿಯಾಗಿ ಹಿಡಿದುಬಿಟ್ಟರೆ ಜಾರುವ ಮಾತೇ ಇಲ್ಲ, ಅಲ್ವಾ? 1979ರಲ್ಲಿ ಪೇಟೆಂಟ್ ಸಿಕ್ಕಿತು. ಎಡ್ಡಿ ವ್ಯಾನ್ ಹೇಲನ್ ಅಂಥ ದೊಡ್ಡ ಗಿಟಾರ್ ವಾದಕರು ಮೊದಮೊದಲೇ ಇದನ್ನು ಕೈಗೆತ್ತಿಕೊಂಡರು. ನನ್ನ ಮಟ್ಟಿಗೆ ಇದು ಗಿಟಾರಿಗೆ ಬಂದ ಅತ್ಯಂತ ಚೆಂದದ ಯಂತ್ರ.

ಆದರೆ ಲಾಕ್ ತಂತಿಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಶ್ರುತಿ ಕೊಡುವುದು ಲಾಕ್ ಅಲ್ಲ. ಈ ಬ್ರಿಡ್ಜ್ ಎರಡು ಗೂಟಗಳಿಗೆ ತನ್ನ ಚೂಪಾದ ಅಂಚು ಆನಿಸಿಕೊಂಡು ತೇಲುತ್ತಿರುತ್ತದೆ. ಮುಂದೆ ಆರು ತಂತಿ ಎಳೆಯುತ್ತವೆ. ಹಿಂದೆ, ಗಿಟಾರಿನ ಬೆನ್ನೊಳಗೆ, ಸ್ಪ್ರಿಂಗ್‌ಗಳು ಎಳೆಯುತ್ತವೆ. ಹಗ್ಗಜಗ್ಗಾಟವೇ ಅನ್ನಿ. ಎರಡೂ ಕಡೆಯ ಬಲ ಸಮ ಆದಾಗ ಬ್ರಿಡ್ಜ್ ಸಮ.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಎಂಜಿನಿಯರಿಂಗ್ ಓದುತ್ತಿದ್ದ. ಕಾಲೇಜು ಫೆಸ್ಟಿನ ಹಿಂದಿನ ಸಂಜೆ ನನ್ನ ರಿಪೇರಿ ಅಂಗಡಿಗೆ ಗಿಟಾರ್ ತಂದ. ಮುಖ ಬಾಡಿಹೋಗಿತ್ತು. "ಸರ್, ಲಾಕ್ ಹಾಳಾಗಿದೆ. ಎಷ್ಟು ಬಿಗಿ ಮಾಡಿದ್ರೂ ಶ್ರುತಿ ನಿಲ್ತಾ ಇಲ್ಲ" ಅಂದ. ನೋಡಿದರೆ ನಟ್‌ನ ಒಂದು ಸ್ಕ್ರೂವಿನ ತಲೆ ಸವೆದುಹೋಗಿತ್ತು. ಅಷ್ಟು ತಿರುಗಿಸಿದ್ದ ಪಾಪ! ಬ್ರಿಡ್ಜನ್ನು ಪಕ್ಕದಿಂದ ನೋಡಿದೆ. ಹಿಂಭಾಗ ಬೆರಳು ತೂರುವಷ್ಟು ಮೇಲೆದ್ದಿತ್ತು.

"ತಂತಿ ಬದಲಾಯಿಸಿದ್ಯೇನಪ್ಪಾ?" ಅಂತ ಕೇಳಿದೆ.

"ಹೌದು ಸರ್. ನೈನ್ ಗೇಜ್ ಇತ್ತು, ಟೆನ್ ಹಾಕಿದೆ. ಸೌಂಡ್ ದಪ್ಪ ಬರುತ್ತೆ ಅಂದ್ರು."

ಸಮಸ್ಯೆ ಅಲ್ಲೇ ಇತ್ತು. ಗೇಜ್ ಅಂದರೆ ತಂತಿಯ ದಪ್ಪ, ನೈನ್ ಗೇಜಿಗಿಂತ ಟೆನ್ ದಪ್ಪ. ನೈನ್ ಗೇಜಿನ ಆರು ತಂತಿ ಸೇರಿ ಸುಮಾರು 38 ಕಿಲೋ ಬಲದಿಂದ ಎಳೆಯುತ್ತವೆ. ಟೆನ್ ಹಾಕಿದರೆ ಅದು 45 ಕಿಲೋ ದಾಟುತ್ತದೆ. ಹಿಂದಿನ ಸ್ಪ್ರಿಂಗ್‌ಗಳು ಮಾತ್ರ ಹಳೆಯ ಲೆಕ್ಕದಲ್ಲೇ ಇದ್ದವು. ದಪ್ಪ ತಂತಿಯಿಂದ ಶುರು ಮಾಡಿ ಸಣ್ಣ ತಂತಿಗೆ ಬರುವಷ್ಟರಲ್ಲಿ ಬ್ರಿಡ್ಜ್ ಮುಂದಕ್ಕೆ ವಾಲಿ ದಪ್ಪ ತಂತಿ ಇಳಿದಿರುತ್ತಿತ್ತು. ಮತ್ತೆ ಶುರು, ಮತ್ತೆ ಇಳಿತ. ರಾತ್ರಿಯೆಲ್ಲ ಇದನ್ನೇ ಮಾಡಿದ್ದನಂತೆ.

ಅವನ ಕೈಯಿಂದಲೇ ಸರಿ ಮಾಡಿಸಿದೆ. ಮೊದಲು ನಟ್ ಲಾಕ್ ಬಿಚ್ಚಿಸಿದೆ. ಸವೆದ ಸ್ಕ್ರೂ ತೆಗೆಯಲು ಮಾತ್ರ ನಾನು ಕೈ ಹಾಕಬೇಕಾಯಿತು. ಬೆನ್ನಿನ ಮುಚ್ಚಳ ತೆಗೆದೆವು. ಒಳಗೆ ಬ್ರಿಡ್ಜಿಗೆ ಅಂಟಿಕೊಂಡ ಲೋಹದ ದಿಮ್ಮಿ ಇರುತ್ತದೆ. ಅದರ ಹಿಂದೆ, ಮರದ ಗೋಡೆಗೆ ಒತ್ತಿ ಒಂದು ಸಣ್ಣ ಮರದ ತುಂಡು ಸಿಕ್ಕಿಸಿ, ಬ್ರಿಡ್ಜ್ ಸಮ ನಿಲ್ಲುವಂತೆ ಮಾಡಿದೆವು. ಈಗ ಬ್ರಿಡ್ಜ್ ಅಲುಗಾಡುವುದಿಲ್ಲ. ಆರೂ ತಂತಿ ಆರಾಮಾಗಿ ಶ್ರುತಿಗೆ ಬಂದವು. ಮೂರು ಸ್ಪ್ರಿಂಗ್ ಇದ್ದಲ್ಲಿ ಇನ್ನೊಂದು ಸೇರಿಸಿದೆವು. ಆಮೇಲೆ ಸ್ಪ್ರಿಂಗ್ ಹಿಡಿದ ಕೊಕ್ಕೆಯ ಎರಡು ಸ್ಕ್ರೂಗಳನ್ನು ಕಾಲು ಸುತ್ತು, ಕಾಲು ಸುತ್ತು ಬಿಗಿ ಮಾಡುತ್ತಾ ಹೋದ. ಒಂದು ಹಂತದಲ್ಲಿ ಮರದ ತುಂಡು ತಾನಾಗಿಯೇ ಸಡಿಲವಾಗಿ ಟಪ್ಪಂತ ಕೆಳಗೆ ಬಿತ್ತು. ನೋಡಿದರೆ ಶ್ರುತಿ ಹಾಗೇ ಇದೆ, ಬ್ರಿಡ್ಜ್ ಸಮ ಇದೆ! ಆ ಹುಡುಗ ಟ್ರೆಮೊಲೊ ಕೈಯನ್ನು ತಂತಿಗಳು ಜೋಲುವವರೆಗೆ ಒತ್ತಿ ಬಿಟ್ಟ. ಆರೂ ಸ್ವರ ತಮ್ಮ ಜಾಗಕ್ಕೆ ವಾಪಸ್ಸು. ಮತ್ತೆ ಒತ್ತಿದ, ಮತ್ತೆ ವಾಪಸ್ಸು. ಅಂಗಡಿ ಮುಚ್ಚುವ ಹೊತ್ತು ಮೀರಿದರೂ ಅವನು ನಿಲ್ಲಿಸಲಿಲ್ಲ. ನನಗೂ ನಿಲ್ಲಿಸು ಅನ್ನುವ ಮನಸ್ಸು ಬರಲಿಲ್ಲ.

ಸಮಯ ಮುಗಿಯುತ್ತಾ ಬಂತಂತೆ. ಉಳಿದದ್ದು ಬೇಗ ಹೇಳುತ್ತೇನೆ. ತಂತಿ ಬದಲಾಯಿಸುವಾಗ ಒಂದೊಂದಾಗಿ ಬದಲಾಯಿಸಿ, ಆರನ್ನೂ ಒಟ್ಟಿಗೆ ಬಿಚ್ಚಬೇಡಿ. ಯಾವ ಗೇಜ್ ಇತ್ತೋ ಅದನ್ನೇ ಹಾಕಿ. ಗೇಜ್ ಬದಲಾದರೆ ಸ್ಪ್ರಿಂಗ್ ಕಡೆಯೂ ಕೆಲಸ ಇದೆ ಅಂತ ತಿಳಿಯಿರಿ. ಬ್ರಿಡ್ಜಿನ ಅಂಚು ಗೂಟಕ್ಕೆ ತಾಗುವ ಕಡೆ ಧೂಳು ಒರೆಸಿ ಒಂದು ಹನಿ ಎಣ್ಣೆ ಬಿಡಿ.

ಹೊಸ ತಂತಿಯನ್ನು ಕೈಯಿಂದ ಚೆನ್ನಾಗಿ ಎಳೆದೆಳೆದು ಶ್ರುತಿ ಮಾಡಿ. ಅದು ಹಿಗ್ಗುವುದು ನಿಲ್ಲುವವರೆಗೂ ಲಾಕ್ ಮುಟ್ಟಲೇಬೇಡಿ. ಎಷ್ಟು ಹೇಳಿದರೂ ಜನ ಮೊದಲು ಲಾಕ್ ಹಾಕಿಬಿಡುತ್ತಾರೆ! ಲಾಕ್ ಹಾಕುವ ಮುಂಚೆ ಬ್ರಿಡ್ಜಿನ ಮೇಲಿನ, ಶ್ರುತಿಯನ್ನು ಸ್ವಲ್ಪ ಸ್ವಲ್ಪವೇ ತಿದ್ದುವ ಫೈನ್ ಟ್ಯೂನರ್‌ಗಳನ್ನೆಲ್ಲ ನಡುಮಟ್ಟಕ್ಕೆ ತನ್ನಿ, ಆಗ ಮುಂದೆ ಮೇಲಕ್ಕೂ ಕೆಳಕ್ಕೂ ತಿರುಗಿಸಲು ಜಾಗ ಇರುತ್ತದೆ. ಇನ್ನೊಮ್ಮೆ ಶ್ರುತಿ ನೋಡಿ, ಬ್ರಿಡ್ಜನ್ನು ಪಕ್ಕದಿಂದ ನೋಡಿ. ಸಮ ಇದ್ದರೆ ಮಾತ್ರ ಲಾಕ್ ಬಿಗಿಯುವ ಅಲೆನ್ ಕೀ ಕೈಗೆತ್ತಿಕೊಳ್ಳಿ. ಹದವಾಗಿ ಬಿಗಿದರೆ ಸಾಕು. ನಮಸ್ಕಾರ.