ಫೈಲ್ ಹೆಸರಿನ ಮುಂದೆ ಈ ‘ಫೇಕ್‌ಪಾತ್’ ಯಾಕೆ ಬರುತ್ತೆ?

ಈ ವಿಡಿಯೋದಲ್ಲಿ ನಾನು ಫೈಲ್ ಆರಿಸುವ ವೆಬ್ ಫಾರ್ಮ್ ಬರೆಯುತ್ತಿರುವುದು ಪರದೆಯಲ್ಲಿ ಕಾಣುತ್ತಿದೆಯಲ್ಲ, ಅದನ್ನು ಬಾಯಲ್ಲಿ ಬೇರೆ ಹೇಳುವುದಿಲ್ಲ. ಬ್ರೌಸರ್‌ನ ಬಟನ್ ಮರೆಮಾಡಿ ಕನ್ನಡದ ಬಟನ್ ಇಟ್ಟಿದ್ದೇನೆ. ಬ್ರೌಸರ್‌ನ ಬಟನ್ ಪಕ್ಕದ ‘ನೋ ಫೈಲ್ ಚೋಸನ್’ (ಯಾವ ಫೈಲೂ ಆರಿಸಿಲ್ಲ) ಅನ್ನುವ ಸಾಲು ಬ್ರೌಸರ್‌ನ ಭಾಷೆಯಲ್ಲೇ ಬರುತ್ತದೆ, ನಾವು ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಆರಿಸಿದ ಫೈಲಿನ ಹೆಸರು ತೋರಿಸುವ ಕೆಲಸ ಈಗ ನಮ್ಮದು.

ಬಂತು ನೋಡಿ! ‘ಸಿ:\ಫೇಕ್‌ಪಾತ್\ಫೋಟೋ.ಜೆಪಿಜಿ’. ಇನ್‌ಪುಟ್‌ನ, ಅಂದರೆ ಫೈಲ್ ಆರಿಸುವ ಜಾಗದ, ವ್ಯಾಲ್ಯೂ ಕೋಡ್‌ನಲ್ಲಿ ಓದಿದರೆ ಹೀಗೇ. ನನ್ನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಅಲ್ಲ, ಲಿನಕ್ಸ್ ಇದೆ, ಇದರಲ್ಲಿ ಸಿ ಡ್ರೈವೇ ಇಲ್ಲ. ಮೊಬೈಲ್‌ನಲ್ಲೂ ಇದೇ ಕಥೆ.

ಇದನ್ನು ಹಾಗೇ ಜನರ ಮುಂದೆ ಇಡುವವರನ್ನು ಕಂಡರೆ ನನಗೆ ಸಿಟ್ಟು. ನಮ್ಮ ಚಿಕ್ಕಮ್ಮ ಮೊಬೈಲ್‌ನಲ್ಲಿ ಒಂದು ಅರ್ಜಿ ತುಂಬುತ್ತಿದ್ದರು. ಫೋಟೋ ಹಾಕಿದ ಕೂಡಲೇ ಈ ಸಾಲು. ‘ಏನೋ ಇದು, ಫೇಕ್ ಅಂತ ಬರ್ತಿದೆ, ನನ್ನ ಫೋಟೋ ಸುಳ್ಳು ಅಂತಾನಾ?’ ಎಂದು ಫೋನ್ ಮಾಡಿದರು. ಗಾಬರಿಯಲ್ಲಿ ಪೇಜನ್ನೇ ಮುಚ್ಚಿಬಿಟ್ಟಿದ್ದರು. ವಿಳಾಸ, ಹುಟ್ಟಿದ ತಾರೀಕು, ಬ್ಯಾಂಕ್ ಖಾತೆ, ಎಲ್ಲ ಮೊದಲಿನಿಂದ. ಮೊಬೈಲ್ ಕೀಬೋರ್ಡ್‌ನಲ್ಲಿ ಒಂದೊಂದೇ ಅಕ್ಷರ ಒತ್ತುವವರು ಅವರು. ಒಂದು ಸಾಲು ಕೋಡ್ ಸರಿಯಾಗಿ ಬರೆದಿದ್ದರೆ ಇದು ತಪ್ಪುತ್ತಿತ್ತು, ಅಲ್ವಾ? ಈ ಫೇಕ್‌ಪಾತ್ ಅನ್ನೇ ಕಿತ್ತುಹಾಕಬೇಕು.

ಇಲ್ಲ, ತಡೀರಿ, ಅದು ಸುಮ್ನೆ ಬಂದಿದ್ದಲ್ಲ. ಹಿಂದೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಪೂರ್ತಿ ಪಾತ್, ಅಂದರೆ ಫೈಲ್ ಎಲ್ಲಿದೆ ಅನ್ನುವ ದಾರಿ, ಕೊಡುತ್ತಿತ್ತು. ನಿಮ್ಮ ಯೂಸರ್‌ನೇಮ್, ಫೋಲ್ಡರ್‌ಗಳ ಹೆಸರು, ಎಲ್ಲ ಸೈಟಿನವರಿಗೆ ಕಾಣುತ್ತಿತ್ತು. ಅದನ್ನು ನಿಲ್ಲಿಸಲೇಬೇಕಿತ್ತು. ಆದರೆ ಹಳೆಯ ಸೈಟುಗಳು ಆ ಪಾತ್‌ನಲ್ಲಿ ಬ್ಯಾಕ್‌ಸ್ಲಾಶ್ (\) ಹುಡುಕಿ ಅದರ ಮುಂದಿನ ಹೆಸರನ್ನು ಕತ್ತರಿಸಿಕೊಳ್ಳುತ್ತಿದ್ದವು. ಬರೀ ಹೆಸರು ಕೊಟ್ಟರೆ ಅವು ಕೆಡುತ್ತವೆ. ಅದಕ್ಕೇ ಒಂದು ಸುಳ್ಳು ಪಾತ್ ಸೇರಿಸಿ, ಎಚ್‌ಟಿಎಂಎಲ್ ನಿಯಮದಲ್ಲೇ ಬರೆದಿಟ್ಟರು. ಜನರ ಗುಟ್ಟೂ ಉಳಿಯಿತು, ಹಳೆಯ ಸೈಟೂ ಉಳಿಯಿತು. ಫೇಕ್‌ಪಾತ್ ಇರಲಿ. ಅದನ್ನು ತೋರಿಸಬೇಡಿ, ಅಷ್ಟೇ.

ಸರಿಯಾದ ದಾರಿ: ಇನ್‌ಪುಟ್ ಡಾಟ್ ಫೈಲ್ಸ್, ಅದರಲ್ಲಿ ಸೊನ್ನೆಯನೆಯದು (ಎಣಿಕೆ ಸೊನ್ನೆಯಿಂದ ಶುರು, ಅಂದರೆ ಮೊದಲ ಫೈಲ್), ಡಾಟ್ ನೇಮ್. ಬರೀ ಹೆಸರು ಬರುತ್ತದೆ.

ಹೆಸರು ಅಂದಾಗ ನೆನಪಾಯಿತು, ಫೈಲಿಗೆ ಕನ್ನಡದಲ್ಲಿ ಹೆಸರಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ‘ಐಎಂಜಿ’ ಅಂತ ಶುರುವಾಗುವ ಹೆಸರುಗಳಲ್ಲಿ ಯಾವ ಫೋಟೋ ಅಂತ ಹುಡುಕುವುದು? ಒಂದು ವಿಷಯ ಮಾತ್ರ ಗಮನಿಸಿ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ (ಫೈಲ್ ಉಳಿಸುವ ಒಂದು ಪದ್ಧತಿ) ಡಿಸ್ಕ್ ಫೈಲ್ ಹೆಸರಿನ ಓಕಾರವನ್ನು ಮೂರು ತುಂಡಾಗಿ ಬಿಡಿಸಿ ಇಡುತ್ತದೆ. ನಾವು ಟೈಪ್ ಮಾಡಿದ ‘ಫೋಟೋ’ದ ಲೆಂತ್, ಅಂದರೆ ಕಂಪ್ಯೂಟರ್ ಎಣಿಸುವ ಉದ್ದ, 4, ಅಲ್ಲಿಂದ ಬಂದ ‘ಫೋಟೋ’ದ್ದು 8. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಎನ್‌ಎಫ್‌ಸಿ ಅನ್ನುವ ಕೂಡಿಸಿದ ರೂಪಕ್ಕೆ ತನ್ನಿ, ಆಮೇಲೆ ಹೋಲಿಸಿ.

ಅಯ್ಯೋ, ರೆಕಾರ್ಡಿಂಗ್ ಮುಗಿಯುತ್ತಾ ಬಂತು. ಬೇಗ ಹೇಳುತ್ತೇನೆ. ಹೆಸರನ್ನು ಪೇಜಿಗೆ ಹಾಕುವಾಗ ಟೆಕ್ಸ್ಟ್‌ಕಂಟೆಂಟ್ ಬಳಸಿ, ಇನ್ನರ್‌ಎಚ್‌ಟಿಎಂಎಲ್ ಬೇಡ. ಲಿನಕ್ಸ್‌ನಲ್ಲಿ ಫೈಲ್ ಹೆಸರಿನೊಳಗೆ ಎಚ್‌ಟಿಎಂಎಲ್ ಟ್ಯಾಗ್ ಕೂಡ ಬರೆಯಬಹುದು, ಇನ್ನರ್‌ಎಚ್‌ಟಿಎಂಎಲ್ ಅದನ್ನು ಕೋಡ್ ಎಂದೇ ಓದುತ್ತದೆ. ಮತ್ತೆ ಅದೇ ಫೈಲ್ ಆರಿಸಿದಾಗ ಚೇಂಜ್ ಇವೆಂಟ್ (ಆಯ್ಕೆ ಬದಲಾಯಿತು ಅನ್ನುವ ಸೂಚನೆ) ಬರದಿದ್ದರೆ, ವ್ಯಾಲ್ಯೂ ಖಾಲಿ ಮಾಡಿ ನೋಡಿ. ಕ್ಯಾನ್ಸಲ್ ಒತ್ತಿದರೆ ಫೈಲ್ಸ್ ಖಾಲಿ ಇರಬಹುದು, ಅದನ್ನೂ ಚೆಕ್ ಮಾಡಿಕೊಳ್ಳಿ.